ದ್ರವೀಕೃತ ನೈಸರ್ಗಿಕ ಅನಿಲ

ನೈಸರ್ಗಿಕ ಅನಿಲವನ್ನು ಶುದ್ಧಗೊಳಿಸಿ, ವಾಯುಮಂಡಲದ ಸಾಮಾನ್ಯ ಒತ್ತಡದಲ್ಲೇ ಸುಮಾರು −162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದಾಗ ದೊರೆಯುವ ದ್ರವವೇ ದ್ರವೀಕೃತ ನೈಸರ್ಗಿಕ ಅನಿಲ. ಬಳಕೆಯಲ್ಲಿ ಎಲ್‌ಎನ್‌ಜಿ ಎಂಬ ಹ್ರಸ್ವರೂಪವೇ ಹೆಚ್ಚು. ದ್ರವವಾದಾಗ ಅನಿಲದ ಗಾತ್ರ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕೊಳವೆಮಾರ್ಗ ಹಾಕಲಾಗದ ಸಾಗರಗಳಾಚೆಗೂ ಅದನ್ನು ಹಡಗಿನಲ್ಲಿ ಒಯ್ಯಬಹುದು. ಎಲ್‌ಎನ್‌ಜಿ ಪ್ರತ್ಯೇಕ ಇಂಧನವಲ್ಲ; ನೈಸರ್ಗಿಕ ಅನಿಲವನ್ನು ಸಾಗಿಸುವ ಮತ್ತು ಕೂಡಿಡುವ ಒಂದು ರೂಪ. ಬಹುಪಾಲು ಬಳಕೆದಾರರನ್ನು ತಲಪುವ ಹೊತ್ತಿಗೆ ಅದು ಮತ್ತೆ ಅನಿಲವಾಗಿರುತ್ತದೆ. ಇದರ ಅನುಕೂಲ, ವೆಚ್ಚ, ಅಪಾಯ ಮೂರಕ್ಕೂ ಮೂಲ ಆ ಅತಿಶೀತವೇ.

ಇತರ ಅನಿಲ ಇಂಧನಗಳಿಂದ ವ್ಯತ್ಯಾಸ

ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಎಲ್‌ಪಿಜಿ, ಅಂದರೆ ದ್ರವೀಕೃತ ಪೆಟ್ರೋಲಿಯಂ ಅನಿಲ. ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಈ ಮಿಶ್ರಣ ಸಾಮಾನ್ಯ ತಾಪದಲ್ಲೇ ಅಲ್ಪ ಒತ್ತಡಕ್ಕೆ ದ್ರವವಾಗುತ್ತದೆ. ಎಲ್‌ಎನ್‌ಜಿಯ ಮುಖ್ಯ ಘಟಕವಾದ ಮೀಥೇನ್ ಹಾಗಲ್ಲ. −82.6 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ ಎಷ್ಟೇ ಒತ್ತಡ ಹೇರಿದರೂ ಅದು ದ್ರವವಾಗದು, ತಣಿಸಲೇಬೇಕು. ವಾಹನಗಳಿಗೆ ತುಂಬುವ ಸಿಎನ್‌ಜಿ ಅದೇ ನೈಸರ್ಗಿಕ ಅನಿಲವನ್ನು 200ರಿಂದ 250 ಬಾರ್ ಒತ್ತಡದಲ್ಲಿ ಸಂಕುಚಿತಗೊಳಿಸಿದ ರೂಪ; ಅದು ಅನಿಲವಾಗಿಯೇ ಉಳಿದಿರುತ್ತದೆ. ಕೊಳವೆಯಲ್ಲಿ ಮನೆಗೆ ಬರುವುದು ಪಿಎನ್‌ಜಿ. ಹಡಗಿನಲ್ಲಿ ಬಂದ ಎಲ್‌ಎನ್‌ಜಿಯೇ ಮುಂದೆ ಸಿಎನ್‌ಜಿಯೂ ಪಿಎನ್‌ಜಿಯೂ ಆಗಬಹುದು.

ಸಂಯೋಜನೆ ಮತ್ತು ಗುಣಗಳು

ಎಲ್‌ಎನ್‌ಜಿಯಲ್ಲಿ ಸಾಮಾನ್ಯವಾಗಿ ಶೇ 85ಕ್ಕಿಂತ ಹೆಚ್ಚು ಮೀಥೇನ್ ಇರುತ್ತದೆ. ಉಳಿದ ಭಾಗದಲ್ಲಿ ಈಥೇನ್, ಪ್ರೋಪೇನ್, ಬ್ಯೂಟೇನ್ ಮತ್ತು ಅತ್ಯಲ್ಪ ನೈಟ್ರೋಜನ್ ಇರುತ್ತವೆ. ಈ ಪ್ರಮಾಣ ಅನಿಲ ದೊರೆತ ನಿಕ್ಷೇಪವನ್ನು ಅವಲಂಬಿಸುತ್ತದೆ. ದ್ರವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ವಿಷಕಾರಿಯಲ್ಲ, ಲೋಹವನ್ನು ಸವೆಸುವುದೂ ಇಲ್ಲ. ಸಾಂದ್ರತೆ ಘನ ಮೀಟರಿಗೆ ಸುಮಾರು 430ರಿಂದ 470 ಕಿಲೋಗ್ರಾಂ. ನೀರಿನ ಅರ್ಧಕ್ಕಿಂತಲೂ ಹಗುರವಾದ್ದರಿಂದ ನೀರಿನ ಮೇಲೆ ತೇಲುತ್ತದೆ.

ದ್ರವರೂಪದಲ್ಲಿ ಅದು ಉರಿಯುವುದಿಲ್ಲ. ಆವಿಯಾಗಿ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಈ ಮಿತಿಗಿಂತ ಕಡಿಮೆಯಿದ್ದರೆ ಇಂಧನ ಸಾಲದು, ಹೆಚ್ಚಿದ್ದರೆ ಆಮ್ಲಜನಕ ಸಾಲದು. ಅನಿಲ ಸೋರಿಕೆಯನ್ನು ಮೂಗಿನಿಂದಲೇ ಗುರುತಿಸಲು ಬೆರೆಸುವ ಗಂಧದ್ರವ್ಯವನ್ನು ಎಲ್‌ಎನ್‌ಜಿಗೆ ಸೇರಿಸುವುದಿಲ್ಲ; ಅಷ್ಟು ಚಳಿಯಲ್ಲಿ ಅದು ಹೆಪ್ಪುಗಟ್ಟುತ್ತದೆ. ಮತ್ತೆ ಅನಿಲವಾಗಿಸಿದ ಬಳಿಕವೇ ಅದರ ಸೇರ್ಪಡೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮೈಕೆಲ್ ಫ್ಯಾರಡೆ ಹಲವು ಅನಿಲಗಳನ್ನು ದ್ರವವಾಗಿಸಿದ. ಆದರೆ ಮೀಥೇನ್, ಆಮ್ಲಜನಕ, ಜಲಜನಕದಂಥ ಕೆಲವು ಅವನ ವಿಧಾನಕ್ಕೆ ಬಗ್ಗಲಿಲ್ಲ. ಅವನ್ನು ಆ ಕಾಲದವರು ಶಾಶ್ವತ ಅನಿಲಗಳೆಂದೇ ಕರೆದರು. 1877ರಲ್ಲಿ ಫ್ರಾನ್ಸಿನ ಲೂಯಿ ಕೈಯೆಟೆ ಮತ್ತು ಸ್ವಿಟ್ಜರ್ಲೆಂಡಿನ ರಾವುಲ್ ಪಿಕ್ಟೆ ಬೇರೆಬೇರೆಯಾಗಿ ಆಮ್ಲಜನಕವನ್ನು ದ್ರವಗೊಳಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವವಾಗಿಸುವ ಯಂತ್ರ ರೂಪಿಸಿದ. ಅತಿಶೀತ ಉದ್ಯಮ ಅಲ್ಲಿಂದ ಬೆಳೆಯಿತು.

ಎಲ್‌ಎನ್‌ಜಿಯನ್ನು ವಾಣಿಜ್ಯವಾಗಿ ಬಳಸಿದ ಮೊದಲ ಸ್ಥಾವರ 1941ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾಯಿತು. ಬೇಸಿಗೆಯಲ್ಲಿ ಉಳಿಯುವ ಅನಿಲವನ್ನು ದ್ರವವಾಗಿಸಿಟ್ಟು, ಬೇಡಿಕೆ ಏರುವ ಚಳಿಗಾಲದಲ್ಲಿ ಹೊರಬಿಡುವುದು ಅದರ ಉದ್ದೇಶ. 1944ರ ಅಕ್ಟೋಬರ್ 20ರಂದು ಅಲ್ಲಿನ ಒಂದು ತೊಟ್ಟಿ ಬಿರಿಯಿತು. ದ್ರವ ಬೀದಿಗೂ ಚರಂಡಿಗೂ ಹರಿದು ಹೊತ್ತಿಕೊಂಡು ಸುಮಾರು 130 ಜನ ಸತ್ತರು. ತೊಟ್ಟಿಗೆ ಬಳಸಿದ ಉಕ್ಕಿನಲ್ಲಿ ನಿಕಲ್ ಪ್ರಮಾಣ ಶೇ 3.5 ಮಾತ್ರ ಇತ್ತು; ಅತಿಶೀತದಲ್ಲಿ ಅಂಥ ಉಕ್ಕು ಪೆಡಸಾಗಿ ಬಿರುಕು ಬಿಡುತ್ತದೆ. ಈ ದುರಂತ ಉದ್ಯಮವನ್ನು ಹಲವು ವರ್ಷ ಹಿಂದಕ್ಕೆ ತಳ್ಳಿತು. ಇಂದಿನ ಸುರಕ್ಷತಾ ನಿಯಮಗಳ ಬುಡದಲ್ಲಿ ಅದರ ಪಾಠಗಳಿವೆ.

ಸಾಗರ ದಾಟಿದ ಮೊದಲ ಎಲ್‌ಎನ್‌ಜಿ ಹಡಗು 'ಮೀಥೇನ್ ಪಯೋನಿಯರ್'. ಎರಡನೆಯ ಮಹಾಯುದ್ಧ ಕಾಲದ ಸರಕು ಹಡಗನ್ನು ಮಾರ್ಪಡಿಸಿ ಮಾಡಿದ ಇದು 1959ರ ಆರಂಭದಲ್ಲಿ ಅಮೆರಿಕದ ಲೂಯಿಸಿಯಾನದ ಲೇಕ್ ಚಾರ್ಲ್ಸ್‌ನಿಂದ ಹೊರಟು ಬ್ರಿಟನ್ನಿನ ಕ್ಯಾನ್ವಿ ದ್ವೀಪ ತಲಪಿತು. 1964ರಲ್ಲಿ ಅಲ್ಜೀರಿಯದ ಅರ್ಜೂವಿನಿಂದ ಬ್ರಿಟನ್ನಿಗೆ ನಿಯತ ವ್ಯಾಪಾರ ಆರಂಭವಾಯಿತು. 1969ರಲ್ಲಿ ಅಲಾಸ್ಕದ ಅನಿಲ ಜಪಾನಿಗೆ ಬಂತು. ಸ್ವಂತ ತೈಲ, ಅನಿಲ ತೀರ ಕಡಿಮೆಯಿರುವ ಜಪಾನು ವಿದ್ಯುತ್ತಿಗೂ ನಗರಗಳ ಅನಿಲ ಪೂರೈಕೆಗೂ ಎಲ್‌ಎನ್‌ಜಿಯನ್ನೇ ನೆಚ್ಚಿತು. ಬ್ರೂನೈ, ಅಬುಧಾಬಿ, ಇಂಡೋನೇಷ್ಯ, ಮಲೇಷ್ಯ, ಆಸ್ಟ್ರೇಲಿಯಗಳ ಸ್ಥಾವರಗಳು ಒಂದೊಂದಾಗಿ ತಲೆಯೆತ್ತಿದ್ದು ಬಹುಮಟ್ಟಿಗೆ ಜಪಾನಿನ ದೀರ್ಘಾವಧಿ ಒಪ್ಪಂದಗಳ ಬಲದಿಂದ. ಕತಾರ್ 1996ರ ಕೊನೆಗೆ ರಫ್ತು ಆರಂಭಿಸಿತು. 2016ರ ಫೆಬ್ರುವರಿಯಲ್ಲಿ ಲೂಯಿಸಿಯಾನದ ಸಬೈನ್ ಪಾಸ್‌ನಿಂದ ಶೇಲ್ ಅನಿಲದ ರಫ್ತು ಶುರುವಾಗಿ, 2023ರ ಹೊತ್ತಿಗೆ ಅಮೆರಿಕ ಜಗತ್ತಿನ ಅತಿದೊಡ್ಡ ಎಲ್‌ಎನ್‌ಜಿ ರಫ್ತುದೇಶವಾಯಿತು.

ದ್ರವೀಕರಣ

ಬಾವಿಯಿಂದ ಬಂದ ಅನಿಲವನ್ನು ಹಾಗೆಯೇ ತಣಿಸುವಂತಿಲ್ಲ. ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಗಟ್ಟಿಯಾಗಿ ಕೊಳವೆಗಳನ್ನು ಮುಚ್ಚಿಬಿಡುತ್ತವೆ. ಪಾದರಸದ ಲವಲೇಶವೂ ಶಾಖವಿನಿಮಯ ಯಂತ್ರದ ಅಲ್ಯೂಮಿನಿಯಮನ್ನು ಕೊರೆಯುತ್ತದೆ. ಆದ್ದರಿಂದ ಮೊದಲ ಹಂತ ಶುದ್ಧೀಕರಣ. ಅಮೀನ್ ದ್ರಾವಣದಿಂದ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡನ್ನೂ, ಅಣುಜರಡಿಗಳಿಂದ ನೀರನ್ನೂ, ಸಂಸ್ಕರಿಸಿದ ಇದ್ದಿಲಿನ ಹಾಸಿನಿಂದ ಪಾದರಸವನ್ನೂ ತೆಗೆಯುತ್ತಾರೆ. ಕೊನೆಗೆ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ, ನೀರು ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಭಾರವಾದ ಹೈಡ್ರೋಕಾರ್ಬನ್‌ಗಳನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ಮಾರುತ್ತಾರೆ.

ಎರಡನೆಯ ಹಂತ ತಣಿಸುವಿಕೆ. ತತ್ವ ಮನೆಯ ಫ್ರಿಜ್ಜಿನದೇ: ಶೀತಕವನ್ನು ಅದುಮಿ, ಬಿಸಿಯನ್ನು ಹೊರಹಾಕಿ, ಮತ್ತೆ ಹಿಗ್ಗಗೊಟ್ಟಾಗ ಅದು ಸುತ್ತಲಿನ ಶಾಖ ಹೀರುತ್ತದೆ. ಯಾವ ಶೀತಕ, ಎಷ್ಟು ಹಂತ ಎಂಬುದರ ಮೇಲೆ ವಿಧಾನಗಳು ಬೇರೆಯಾಗುತ್ತವೆ. ಸರಣಿ ವಿಧಾನದಲ್ಲಿ ಪ್ರೋಪೇನ್, ಎಥಿಲೀನ್, ಮೀಥೇನ್ ಎಂಬ ಮೂರು ಶುದ್ಧ ಶೀತಕಗಳು ಒಂದಾದ ಮೇಲೊಂದರಂತೆ ತಾಪ ಇಳಿಸುತ್ತವೆ. ಅಲಾಸ್ಕದ ಕೀನೈ ಸ್ಥಾವರ ಇದನ್ನು ಬಳಸಿತು. ಮಿಶ್ರ ಶೀತಕ ವಿಧಾನದಲ್ಲಿ ನೈಟ್ರೋಜನ್ ಮತ್ತು ಹಗುರ ಹೈಡ್ರೋಕಾರ್ಬನ್‌ಗಳ ಒಂದೇ ಮಿಶ್ರಣ ಬೇರೆಬೇರೆ ತಾಪಗಳಲ್ಲಿ ಕುದಿಯುತ್ತಾ ಅನಿಲದ ತಣಿಯುವ ಗತಿಯನ್ನು ಹಿಂಬಾಲಿಸುತ್ತದೆ. ಮೊದಲು ಪ್ರೋಪೇನ್‌ನಿಂದ ತಣಿಸಿ ನಂತರ ಮಿಶ್ರ ಶೀತಕಕ್ಕೆ ಒಪ್ಪಿಸುವ ವಿಧಾನ ಜಗತ್ತಿನಲ್ಲಿ ಬಹಳ ಪ್ರಚಲಿತ. ಇಲ್ಲಿ ಅನಿಲ ದ್ರವವಾಗುವುದು ಸುರುಳಿ ಸುತ್ತಿದ ಸಾವಿರಾರು ಸಪೂರ ಕೊಳವೆಗಳಿರುವ ಎತ್ತರದ ಶಾಖವಿನಿಮಯ ಗೋಪುರದಲ್ಲಿ.

ಶುದ್ಧೀಕರಣದಿಂದ ದ್ರವೀಕರಣದವರೆಗಿನ ಒಂದು ಸ್ವತಂತ್ರ ಸಾಲಿಗೆ ಉದ್ಯಮದಲ್ಲಿ 'ಟ್ರೇನ್' ಎಂದು ಹೆಸರು. ಕತಾರಿನ ದೊಡ್ಡ ಟ್ರೇನ್‌ಗಳು ವರ್ಷಕ್ಕೆ ತಲಾ 78 ಲಕ್ಷ ಟನ್ ತಯಾರಿಸಬಲ್ಲವು. ಒಳಬಂದ ಅನಿಲದ ಸುಮಾರು ಹತ್ತನೇ ಒಂದು ಭಾಗ ದ್ರವೀಕರಣದ ಯಂತ್ರಗಳನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಇಡೀ ಸರಪಳಿಯಲ್ಲಿ ಹೆಚ್ಚು ಬಂಡವಾಳ ನುಂಗುವ ಕೊಂಡಿಯೂ ಇದೇ.

ಕಡಲಿನ ಮೇಲೇ ಅನಿಲವನ್ನು ದ್ರವವಾಗಿಸುವ ತೇಲುವ ಸ್ಥಾವರಗಳೂ ಇವೆ. ಆಸ್ಟ್ರೇಲಿಯದ ವಾಯವ್ಯ ಕಡಲಿನಲ್ಲಿರುವ 'ಪ್ರೆಲ್ಯೂಡ್' 488 ಮೀಟರ್ ಉದ್ದವಿದೆ. 2019ರಲ್ಲಿ ಅಲ್ಲಿಂದ ಮೊದಲ ಎಲ್‌ಎನ್‌ಜಿ ಸರಕು ಹೊರಟಿತು.

ಸಂಗ್ರಹ ಮತ್ತು ಸಾಗಣೆ

ದಡದ ಮೇಲಿನ ತೊಟ್ಟಿಗೆ ಎರಡು ಗೋಡೆ. ಒಳಗೋಡೆ ಶೇ 9 ನಿಕಲ್ ಇರುವ ಉಕ್ಕಿನದು, ಹೊರಗೋಡೆ ಪೂರ್ವಪ್ರತಿಬಲಿತ ಕಾಂಕ್ರೀಟಿನದು. ನಡುವೆ ಶಾಖ ತಡೆಯುವ ಪರ್ಲೈಟ್ ಪುಡಿ. ಒಳಗೋಡೆ ಸೋರಿದರೂ ದ್ರವವನ್ನು ಹೊರಗೋಡೆ ಹಿಡಿದಿಡಬೇಕೆಂಬುದು ಇದರ ವಿನ್ಯಾಸ. ತೊಟ್ಟಿಯನ್ನು ತಣ್ಣಗಿಡಲು ಬೇರೆ ಯಂತ್ರ ಬೇಡ. ಒಳನುಸುಳಿದ ಶಾಖಕ್ಕೆ ಒಂದಿಷ್ಟು ದ್ರವ ಕುದಿದು ಆವಿಯಾಗುತ್ತದೆ. ಆ ಆವಿಯನ್ನು ತೆಗೆಯುತ್ತಿದ್ದರೆ ಉಳಿದ ದ್ರವ ಕುದಿಬಿಂದುವಿನಲ್ಲೇ ನಿಲ್ಲುತ್ತದೆ. ಈ ಆವಿಗೆ 'ಬಾಯ್ಲ್ ಆಫ್' ಅನಿಲವೆನ್ನುತ್ತಾರೆ.

ಹಡಗುಗಳಲ್ಲಿ ಎರಡು ಮುಖ್ಯ ಬಗೆ. ನಾರ್ವೆಯಲ್ಲಿ ರೂಪುಗೊಂಡ ಮಾಸ್ ಬಗೆಯಲ್ಲಿ ಗೋಲಾಕಾರದ ಅಲ್ಯೂಮಿನಿಯಂ ತೊಟ್ಟಿಗಳ ಮೇಲ್ಭಾಗ ಡೆಕ್ಕಿನ ಮೇಲೆ ಎದ್ದು ಕಾಣುತ್ತದೆ. ಫ್ರಾನ್ಸಿನಲ್ಲಿ ಬೆಳೆದ ಪೊರೆ ಬಗೆಯಲ್ಲಿ ಹಡಗಿನ ಒಡಲಿಗೇ ತೆಳುವಾದ ಲೋಹದ ಹಾಳೆಯನ್ನೂ ಶಾಖನಿರೋಧಕವನ್ನೂ ಹೊದಿಸುತ್ತಾರೆ. ಅದೇ ಗಾತ್ರದ ಹಡಗಿನಲ್ಲಿ ಹೆಚ್ಚು ಸರಕು ಹಿಡಿಯುವುದರಿಂದ ಹೊಸ ಹಡಗುಗಳಲ್ಲಿ ಬಹುಪಾಲು ಇದೇ ಬಗೆಯವು. ಇಂದಿನ ಸಾಮಾನ್ಯ ಹಡಗು 1,74,000 ಘನ ಮೀಟರ್ ದ್ರವ ಹೊರುತ್ತದೆ. ಅನಿಲವಾದಾಗ ಇದು ಸುಮಾರು 10 ಕೋಟಿ ಘನ ಮೀಟರ್. ಕತಾರಿಗಾಗಿ ಕಟ್ಟಿದ ಕ್ಯೂ-ಮ್ಯಾಕ್ಸ್ ಹಡಗುಗಳ ಸಾಮರ್ಥ್ಯ 2,66,000 ಘನ ಮೀಟರ್. ದಾರಿಯಲ್ಲಿ ದಿನಕ್ಕೆ ಸರಕಿನ ಸುಮಾರು ಶೇ 0.1ರಷ್ಟು ಆವಿಯಾಗುತ್ತದೆ, ಬಹಳಷ್ಟು ಹಡಗುಗಳ ಎಂಜಿನ್ ಅದನ್ನೇ ಉರಿಸುತ್ತದೆ. ಸರಕು ಇಳಿಸಿದ ಮೇಲೂ ತೊಟ್ಟಿಗಳು ಬೆಚ್ಚಗಾಗದಂತೆ ತಳದಲ್ಲಿ ಸ್ವಲ್ಪ ದ್ರವ ಉಳಿಸಿಕೊಂಡೇ ಹಡಗು ಮರಳುತ್ತದೆ. ಇಂಥ ಹಡಗುಗಳ ನಿರ್ಮಾಣದಲ್ಲಿ ದಕ್ಷಿಣ ಕೊರಿಯ ಮುಂದಿದೆ.

ಮರು ಅನಿಲೀಕರಣ

ಆಮದು ಟರ್ಮಿನಲ್ಲಿನಲ್ಲಿ ದ್ರವವನ್ನು ಪಂಪುಗಳಿಂದ ಕೊಳವೆಮಾರ್ಗದ ಒತ್ತಡಕ್ಕೇರಿಸಿ, ಬಿಸಿ ಕೊಟ್ಟು ಅನಿಲವಾಗಿಸುತ್ತಾರೆ. ಸಮುದ್ರದ ನೀರನ್ನು ಕೊಳವೆಗಳ ಹಲಗೆಗಳ ಮೇಲೆ ಹರಿಸುವುದು, ನೀರಿನಡಿ ಅನಿಲ ಉರಿಸಿ ಬಿಸಿ ಪಡೆಯುವುದು, ಉಷ್ಣವಲಯದಲ್ಲಿ ಸುತ್ತಲಿನ ಗಾಳಿಯ ಶಾಖ ಬಳಸುವುದು ರೂಢಿಯ ವಿಧಾನಗಳು. ದ್ರವೀಕರಣಕ್ಕೆ ವ್ಯಯಿಸಿದ ಶಕ್ತಿಯ ಒಂದಂಶ ಶೀತವಾಗಿ ಎಲ್‌ಎನ್‌ಜಿಯಲ್ಲೇ ಇರುತ್ತದೆ. ಜಪಾನಿನ ಕೆಲವು ಟರ್ಮಿನಲ್ಲುಗಳು ಅದನ್ನು ದ್ರವ ಆಮ್ಲಜನಕ ತಯಾರಿಕೆಗೂ ಶೈತ್ಯಾಗಾರಗಳಿಗೂ ಬಳಸುತ್ತವೆ. ಜಗತ್ತಿನ ಹೆಚ್ಚಿನ ಕಡೆ ಅದು ಕಡಲಿಗೆ ವ್ಯರ್ಥವಾಗಿ ಹೋಗುತ್ತಿದೆ. ಸಂಗ್ರಹವೂ ಅನಿಲೀಕರಣವೂ ಒಂದೇ ಹಡಗಿನಲ್ಲಿರುವ ತೇಲುವ ಟರ್ಮಿನಲ್ಲುಗಳು ಬೇಗ ಸಿದ್ಧವಾಗುತ್ತವೆ. ರಷ್ಯದ ಕೊಳವೆ ಅನಿಲ ನಿಂತಾಗ ಜರ್ಮನಿ 2022ರ ಡಿಸೆಂಬರಿನಲ್ಲಿ ವಿಲ್ಹೆಲ್ಮ್‌ಸ್‌ಹಾಫೆನ್‌ನಲ್ಲಿ ತನ್ನ ಮೊದಲ ಎಲ್‌ಎನ್‌ಜಿ ಟರ್ಮಿನಲ್ ತೆರೆದದ್ದು ಹೀಗೆ.

ಬಳಕೆ

ವಿದ್ಯುತ್ ಉತ್ಪಾದನೆ ಎಲ್‌ಎನ್‌ಜಿಯ ಒಂದು ದೊಡ್ಡ ಬಳಕೆ. ಅನಿಲ ಟರ್ಬೈನಿನ ಬಿಸಿ ಹೊಗೆಯಿಂದ ಹಬೆ ಎಬ್ಬಿಸಿ ಎರಡನೆಯ ಟರ್ಬೈನ್ ತಿರುಗಿಸುವ ಸಂಯುಕ್ತ ಆವರ್ತ ಸ್ಥಾವರಗಳಲ್ಲಿ ದಕ್ಷತೆ ಶೇ 60 ತಲಪಿದೆ. ಇವನ್ನು ಕಲ್ಲಿದ್ದಲು ಸ್ಥಾವರಗಳಿಗಿಂತ ಬೇಗ ಏರಿಸಿ ಇಳಿಸಬಹುದಾದ್ದರಿಂದ ಸೌರ ಮತ್ತು ಪವನ ವಿದ್ಯುತ್ತಿನ ಏರಿಳಿತ ತುಂಬಲು ಒದಗುತ್ತವೆ.

ಭಾರತದಲ್ಲಿ ಚಿತ್ರ ಬೇರೆ. ಇಲ್ಲಿ ನೈಸರ್ಗಿಕ ಅನಿಲದ ಅತಿದೊಡ್ಡ ಗ್ರಾಹಕ ರಸಗೊಬ್ಬರ ಉದ್ಯಮ. ಮೀಥೇನನ್ನು ಹಬೆಯೊಡನೆ ಪ್ರತಿಕ್ರಿಯೆಗೊಳಿಸಿ ಜಲಜನಕ ಪಡೆದು, ಅದನ್ನು ಗಾಳಿಯ ನೈಟ್ರೋಜನ್ ಜೊತೆ ಸೇರಿಸಿ ಅಮೋನಿಯ, ಅದರಿಂದ ಯೂರಿಯ ತಯಾರಿಸುತ್ತಾರೆ. ಹಾಗಾಗಿ ಆಮದು ಅನಿಲದ ಬೆಲೆ ಏರಿದರೆ ಕೇಂದ್ರದ ಗೊಬ್ಬರ ಸಬ್ಸಿಡಿಯ ಹೊರೆಯೂ ಏರುತ್ತದೆ; ರೈತ ಕೊಳ್ಳುವ ಯೂರಿಯ ಚೀಲಕ್ಕೂ ಕೊಲ್ಲಿಯ ಅನಿಲಕ್ಕೂ ಇರುವ ನಂಟು ಇದು. ನಗರ ಅನಿಲ ವಿತರಣೆ, ತೈಲ ಸಂಸ್ಕರಣಾಗಾರಗಳು, ಗಾಜು ಮತ್ತು ಪಿಂಗಾಣಿ ಕಾರ್ಖಾನೆಗಳು ಇತರ ಗ್ರಾಹಕರು.

ಎಲ್‌ಎನ್‌ಜಿಯನ್ನು ದ್ರವರೂಪದಲ್ಲೇ ಇಂಧನವಾಗಿ ತುಂಬಿಕೊಳ್ಳುವವು ಹಡಗುಗಳು ಮತ್ತು ದೂರ ಸಾಗುವ ಲಾರಿಗಳು. ಹಡಗು ಇಂಧನದಲ್ಲಿ ಗಂಧಕ ಶೇ 0.5 ಮೀರಬಾರದೆಂಬ ಅಂತಾರಾಷ್ಟ್ರೀಯ ನಿಯಮ 2020ರ ಜನವರಿಯಿಂದ ಜಾರಿಗೆ ಬಂದ ಬಳಿಕ ಹಡಗುಗಳ ಬಳಕೆ ಬೆಳೆದಿದೆ. ಭಾರತದಲ್ಲಿ ಸುವರ್ಣ ಚತುಷ್ಪಥದ ಉದ್ದಕ್ಕೂ 50 ಎಲ್‌ಎನ್‌ಜಿ ಬಂಕುಗಳ ಯೋಜನೆಗೆ 2020ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು.

ಸುರಕ್ಷತೆ

ದೊಡ್ಡ ತೊಟ್ಟಿಗಳಲ್ಲಿ ಎಲ್‌ಎನ್‌ಜಿ ಹೆಚ್ಚಿನ ಒತ್ತಡದಲ್ಲಿ ಇರುವುದಿಲ್ಲವಾದ್ದರಿಂದ ತೊಟ್ಟಿ ತೂತಾದರೆ ಸಿಲಿಂಡರಿನಂತೆ ಸಿಡಿಯದು. ಅಪಾಯ ಬೇರೆ ಬಗೆಯದು. ಚೆಲ್ಲಿದ ದ್ರವದಿಂದೇಳುವ ತಣ್ಣನೆಯ ಆವಿ ಮೊದಲು ಗಾಳಿಗಿಂತ ಭಾರವಾಗಿದ್ದು, ನೆಲಕ್ಕಂಟಿ ಬಿಳಿ ಮೋಡದಂತೆ ಹರಡುತ್ತದೆ. ಸುಮಾರು −110 ಡಿಗ್ರಿಗಿಂತ ಬೆಚ್ಚಗಾದ ಮೇಲೆ ಹಗುರವಾಗಿ ಮೇಲೇರುತ್ತದೆ. ಮೋಡದ ಅಂಚು ಕಿಡಿಗೆ ತಾಗಿದರೆ ಬೆಂಕಿ ದ್ರವದ ಮಡುವಿನವರೆಗೆ ಹಿಂದೋಡುತ್ತದೆ. ಚರ್ಮಕ್ಕೆ ತಗುಲಿದ ದ್ರವ ಸುಟ್ಟಂಥ ಗಾಯ ಮಾಡುತ್ತದೆ. ಮುಚ್ಚಿದ ಜಾಗದಲ್ಲಿ ಆವಿ ಆಮ್ಲಜನಕವನ್ನು ಹೊರದೂಡಿ ಉಸಿರು ಕಟ್ಟಿಸುತ್ತದೆ. ಬೇರೆಬೇರೆ ಸಾಂದ್ರತೆಯ ದ್ರವಗಳು ಒಂದೇ ತೊಟ್ಟಿಯಲ್ಲಿ ಪದರವಾಗಿ ನಿಂತು, ಆಮೇಲೆ ಏಕಾಏಕಿ ಬೆರೆತಾಗ ಅಪಾರ ಆವಿ ಏಳುವುದೂ ಉಂಟು. 1971ರಲ್ಲಿ ಇಟಲಿಯ ಲಾ ಸ್ಪೆಜಿಯದಲ್ಲಿ ಹೀಗಾಯಿತು. 2004ರ ಜನವರಿಯಲ್ಲಿ ಅಲ್ಜೀರಿಯದ ಸ್ಕಿಕ್‌ದಾ ದ್ರವೀಕರಣ ಸ್ಥಾವರದ ಸ್ಫೋಟದಲ್ಲಿ 27 ಜನ ಸತ್ತರು. ಇವುಗಳ ನಡುವೆಯೂ ಹಡಗು ಸಾಗಣೆಯ ದಾಖಲೆ ಗಮನಾರ್ಹವಾಗಿ ಉತ್ತಮವಾಗಿದೆ.

ಪರಿಸರ

ಉರಿಯುವಾಗ ನೈಸರ್ಗಿಕ ಅನಿಲ ಅದೇ ಪ್ರಮಾಣದ ಶಕ್ತಿಗೆ ಕಲ್ಲಿದ್ದಲಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬೂದಿಯಿಲ್ಲ, ಗಂಧಕದ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ನಗರಗಳ ಗಾಳಿಗೆ ಇದು ನಿಜವಾದ ಲಾಭ. ಹವಾಮಾನದ ಲೆಕ್ಕ ಇಷ್ಟು ಸರಳವಲ್ಲ. ಉರಿಯದೆ ಸೋರಿದ ಮೀಥೇನ್ 20 ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು, 100 ವರ್ಷಗಳ ಅವಧಿಯಲ್ಲಿ ಸುಮಾರು 28ರಿಂದ 30 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಬಾವಿಯಲ್ಲಿ, ಕೊಳವೆಯಲ್ಲಿ, ಹಡಗಿನ ಎಂಜಿನ್‌ನಲ್ಲಿ ಆಗುವ ಸೋರಿಕೆಯನ್ನೂ ದ್ರವೀಕರಣಕ್ಕೆ ತಗಲುವ ಶಕ್ತಿಯನ್ನೂ ಸೇರಿಸಿದರೆ ಕಲ್ಲಿದ್ದಲಿನ ಮೇಲಿನ ಅನುಕೂಲ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆಂಬುದು ಆಯಾ ಸರಪಳಿಯ ಸೋರಿಕೆಯ ಮೇಲೆ ನಿಂತಿದೆ. ಆದ್ದರಿಂದ ಎಲ್‌ಎನ್‌ಜಿಯನ್ನು ಶುದ್ಧ ಇಂಧನವೆಂದು ಬಿಡುಬೀಸಾಗಿ ಕರೆಯುವುದು ಸರಿಯಲ್ಲ.

ವ್ಯಾಪಾರ

ಜಗತ್ತಿನ ಎಲ್‌ಎನ್‌ಜಿ ವ್ಯಾಪಾರ ಈಚಿನ ವರ್ಷಗಳಲ್ಲಿ ಸುಮಾರು 40 ಕೋಟಿ ಟನ್ ಮುಟ್ಟಿದೆ. ಅಮೆರಿಕ, ಆಸ್ಟ್ರೇಲಿಯ, ಕತಾರ್ ಮೊದಲ ಮೂರು ರಫ್ತುದೇಶಗಳು. ಅವುಗಳ ನಂತರ ರಷ್ಯ ಮತ್ತು ಮಲೇಷ್ಯ. ಕೊಳ್ಳುವವರಲ್ಲಿ ಚೀನ, ಜಪಾನ್, ದಕ್ಷಿಣ ಕೊರಿಯ, ಭಾರತ ಮುಖ್ಯ. ಕತಾರ್ ತನ್ನ 7.7 ಕೋಟಿ ಟನ್ ವಾರ್ಷಿಕ ಸಾಮರ್ಥ್ಯವನ್ನು 14.2 ಕೋಟಿ ಟನ್ನಿಗೆ ಏರಿಸುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಿತು. ಕೊಲ್ಲಿಯಿಂದಾಚೆಗೆ ಹೋಗುವ ಕತಾರಿನ ಎಲ್ಲ ಹಡಗುಗಳೂ ಹೊರ್ಮುಜ್ ಜಲಸಂಧಿಯನ್ನು ದಾಟಬೇಕು.

ಸ್ಥಾವರಕ್ಕೆ ಬೇಕಾದ ಭಾರಿ ಸಾಲ ಹುಟ್ಟಲು ಖಚಿತ ಗ್ರಾಹಕರು ಬೇಕು. ಹಾಗಾಗಿ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಒಪ್ಪಂದ ಈ ವ್ಯಾಪಾರದ ಹಳೆಯ ರೂಢಿ. ಬೆಲೆಯನ್ನು ಸಾಮಾನ್ಯವಾಗಿ ಕಚ್ಚಾತೈಲದ ದರಕ್ಕೆ ಜೋಡಿಸುತ್ತಾರೆ. ಆದರೆ ಅಮೆರಿಕದ ಅನಿಲಕ್ಕೆ ಅಲ್ಲಿನ ಹೆನ್ರಿ ಹಬ್ ಎಂಬ ಅನಿಲ ಕೇಂದ್ರದ ದರವೇ ಆಧಾರ. ಒಪ್ಪಂದವಿಲ್ಲದೆ ಆಯಾ ಹೊತ್ತಿನ ದರಕ್ಕೆ ಮಾರುವ ಸ್ಪಾಟ್ ಮಾರುಕಟ್ಟೆಯಲ್ಲಿ ಏರಿಳಿತ ತೀವ್ರ. ಏಷ್ಯದ ಸ್ಪಾಟ್ ದರ ದಶಲಕ್ಷ ಬ್ರಿಟಿಷ್ ಉಷ್ಣ ಘಟಕಕ್ಕೆ 2020ರ ಏಪ್ರಿಲಿನಲ್ಲಿ ಸುಮಾರು 2 ಡಾಲರಿಗೆ ಕುಸಿದಿತ್ತು. ಯುಕ್ರೇನ್ ಯುದ್ಧ ಶುರುವಾದ ಬಳಿಕ 2022ರಲ್ಲಿ ಅದು 70 ಡಾಲರ್ ದಾಟಿತು. ಯುರೋಪು ಎಷ್ಟು ಬೆಲೆಗಾದರೂ ಕೊಳ್ಳಲು ನಿಂತಾಗ ದಕ್ಷಿಣ ಏಷ್ಯದ ದೇಶಗಳು ಹಿಂದೆ ಸರಿಯಬೇಕಾಯಿತು. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ವಿದ್ಯುತ್ ಕಡಿತ ಹೆಚ್ಚಿತು.

ಭಾರತದಲ್ಲಿ

ಸರ್ಕಾರಿ ತೈಲ, ಅನಿಲ ಕಂಪನಿಗಳಾದ ಗೇಲ್, ಒಎನ್‌ಜಿಸಿ, ಇಂಡಿಯನ್ ಆಯಿಲ್ ಮತ್ತು ಭಾರತ್ ಪೆಟ್ರೋಲಿಯಂ ಸೇರಿ 1998ರಲ್ಲಿ ಪೆಟ್ರೋನೆಟ್ ಎಲ್‌ಎನ್‌ಜಿ ಸಂಸ್ಥೆಯನ್ನು ಸ್ಥಾಪಿಸಿದವು. 1999ರಲ್ಲಿ ಕತಾರಿನ ರಾಸ್‌ಗ್ಯಾಸ್ ಜೊತೆ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದವಾಯಿತು. 2004ರ ಜನವರಿಯಲ್ಲಿ ಗುಜರಾತಿನ ದಹೇಜ್ ಟರ್ಮಿನಲ್ಲಿಗೆ ಮೊದಲ ಸರಕು ಹೊತ್ತ 'ದಿಶಾ' ಹಡಗು ಬಂತು. 50 ಲಕ್ಷ ಟನ್ ಸಾಮರ್ಥ್ಯದಿಂದ ಆರಂಭವಾದ ದಹೇಜ್ 2019ರಲ್ಲಿ 1.75 ಕೋಟಿ ಟನ್ನಿಗೆ ಬೆಳೆಯಿತು; ಅದು ದೇಶದ ಅತಿದೊಡ್ಡ ಟರ್ಮಿನಲ್. ಕತಾರ್ ಒಪ್ಪಂದವನ್ನು 2028ರಿಂದ ಮತ್ತೆ 20 ವರ್ಷಗಳಿಗೆ ಮುಂದುವರಿಸಲು 2024ರ ಫೆಬ್ರುವರಿಯಲ್ಲಿ ಸಹಿಯಾಗಿದೆ.

ಹಜೀರಾ (2005), ದಾಭೋಳ ಮತ್ತು ಕೊಚ್ಚಿ (2013), ಎನ್ನೂರು (2019), ಮುಂದ್ರಾ (2020), ಒಡಿಶಾದ ಧಾಮ್ರಾ (2023), ಗುಜರಾತಿನ ಛಾರಾ (2025) ಇತರ ಟರ್ಮಿನಲ್ಲುಗಳು. ಇವುಗಳ ಭಾಗ್ಯ ಒಂದೇ ತೆರನಾಗಿಲ್ಲ. ದಹೇಜ್ ಸದಾ ತುಂಬಿರುತ್ತದೆ, ಏಕೆಂದರೆ ಅದರ ಬೆನ್ನಿಗೆ ಗುಜರಾತಿನ ಕೈಗಾರಿಕೆಗಳೂ ಉತ್ತರಕ್ಕೆ ಹೋಗುವ ಕೊಳವೆಜಾಲವೂ ಇವೆ. ಕೊಚ್ಚಿಯ ಪುದುವೈಪ್ಪಿನ ಟರ್ಮಿನಲ್ ಸಿದ್ಧವಾದಾಗ ಅನಿಲ ಒಯ್ಯುವ ಕೊಳವೆ ಇರಲಿಲ್ಲ. ಜಮೀನಿನ ತಕರಾರುಗಳಲ್ಲಿ ಕೆಲಸ ನಿಂತು, ಟರ್ಮಿನಲ್ ವರ್ಷಗಟ್ಟಲೆ ಸಾಮರ್ಥ್ಯದ ಸಣ್ಣ ಪಾಲಿನಲ್ಲೇ ನಡೆಯಿತು. ಎನ್ರಾನ್ ಕಂಪನಿಯ ವಿದ್ಯುತ್ ಯೋಜನೆಯ ಅಂಗವಾಗಿ ಹುಟ್ಟಿದ ದಾಭೋಳದಲ್ಲಿ ಅಲೆತಡೆ ಗೋಡೆ ಪೂರ್ಣವಾಗದ ಕಾರಣ ಹಲವು ವರ್ಷ ಮಳೆಗಾಲದಲ್ಲಿ ಹಡಗು ಬರುವಂತಿರಲಿಲ್ಲ. ಟರ್ಮಿನಲ್ ಕಟ್ಟಿದ ಮಾತ್ರಕ್ಕೆ ಅನಿಲ ಬಂದಂತಲ್ಲ ಎಂಬುದಕ್ಕೆ ಈ ಎರಡೂ ಸ್ಪಷ್ಟ ನಿದರ್ಶನ.

ಭಾರತ ಬಳಸುವ ಅನಿಲದಲ್ಲಿ ಅರ್ಧದಷ್ಟು ಆಮದು ಎಲ್‌ಎನ್‌ಜಿ. ದೇಶದ ಪ್ರಾಥಮಿಕ ಶಕ್ತಿ ಬಳಕೆಯಲ್ಲಿ ಅನಿಲದ ಪಾಲು ಶೇ 6ರಿಂದ 7ರ ಆಸುಪಾಸಿನಲ್ಲಿದೆ. 2030ರೊಳಗೆ ಶೇ 15 ಮಾಡುವುದು ಕೇಂದ್ರದ ಗುರಿ. ಬೆಲೆಯೇ ಇದಕ್ಕೆ ಮುಖ್ಯ ತೊಡಕು. ದೇಶದಲ್ಲಿ ಸಾವಿರಾರು ಮೆಗಾವಾಟ್ ಸಾಮರ್ಥ್ಯದ ಅನಿಲ ವಿದ್ಯುತ್ ಸ್ಥಾವರಗಳಿದ್ದರೂ, ಆಮದು ಅನಿಲದ ವಿದ್ಯುತ್ ಕಲ್ಲಿದ್ದಲಿನದಕ್ಕಿಂತ ದುಬಾರಿಯಾದ್ದರಿಂದ ಬಹುಪಾಲು ನಿಂತೇ ಇರುತ್ತವೆ.

ಕರ್ನಾಟಕದಲ್ಲಿ

ಕರ್ನಾಟಕದ ಕರಾವಳಿಯಲ್ಲಿ ಎಲ್‌ಎನ್‌ಜಿ ಟರ್ಮಿನಲ್ ಇಲ್ಲ. ರಾಜ್ಯಕ್ಕೆ ಅನಿಲ ಬರುವುದು ನೆರೆರಾಜ್ಯಗಳ ಟರ್ಮಿನಲ್ಲುಗಳಿಗೆ ಜೋಡಿಸಿದ ಕೊಳವೆಗಳಿಂದ. 2013ರಲ್ಲಿ ಕಾರ್ಯಾರಂಭಿಸಿದ ಗೇಲ್‌ನ ದಾಭೋಳ–ಬೆಂಗಳೂರು ಮಾರ್ಗ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೂಲಕ ಹಾಯುತ್ತದೆ. ಇದು ದಹೇಜ್ ಕಡೆಯ ಜಾಲಕ್ಕೂ ಜೋಡಣೆಯಾಗಿರುವುದರಿಂದ ದಾಭೋಳಕ್ಕೆ ಹಡಗು ಬರದ ತಿಂಗಳುಗಳಲ್ಲೂ ಅನಿಲ ನಿಲ್ಲುತ್ತಿರಲಿಲ್ಲ. ಬೆಂಗಳೂರಿನ ಮನೆಗಳ ಕೊಳವೆ ಅನಿಲ ಮತ್ತು ಸಿಎನ್‌ಜಿ ಬಂಕುಗಳಿಗೆ ಇದೇ ಆಧಾರ. 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಮಾರ್ಗ 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ನಾಫ್ತಾ ಬಳಸಿ ಯೂರಿಯ ತಯಾರಿಸುತ್ತಿದ್ದ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ ಇದರಿಂದಾಗಿ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೂ ಅನಿಲ ಸಿಗುವಂತಾಯಿತು. ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸಾಮರ್ಥ್ಯದ ಯಲಹಂಕ ಸಂಯುಕ್ತ ಆವರ್ತ ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅನಿಲದಿಂದ ವಿದ್ಯುತ್ ಉತ್ಪಾದಿಸುವ ನಿಗಮದ ಮೊದಲ ಸ್ಥಾವರ ಅದು.